ಮಸ್ಕಿಯನ್ನು ಎಲ್ಲಿ ಮುರಿಯಬೇಕು?

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿರುವುದು ಎಂಟು ಸಾಲುಗಳಲ್ಲಿ. ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡದ್ದು 1915ರಲ್ಲಿ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದು ಅಚ್ಚಾಯಿತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಅಶೋಕ ಎಂಬ ಹೆಸರು ಕಲ್ಲಿನ ಮೇಲೆ ಕಂಡದ್ದು ಮಸ್ಕಿಯಲ್ಲಿ, ಅದೂ ಮೊದಲ ಸಾಲಿನ ಆರಂಭದಲ್ಲೇ. ಹಾಗಾಗಿ ಗುಡ್ಡ ಹತ್ತಿದವರೆಲ್ಲ ಆ ಸಾಲಿನ ಎಡತುದಿಯನ್ನೇ ನೋಡುತ್ತಾರೆ. ಈ ಲೇಖನಕ್ಕೆ ಬೇಕಾಗಿರುವುದು ಬಲತುದಿ.

ಅಲ್ಲಿ ಒಂದು ಪದ ಅರ್ಧಕ್ಕೇ ನಿಂತಿದೆ. ‘ಎರಡೂವರೆ’ ಎಂಬರ್ಥದ ಪ್ರಾಕೃತ ಪದ ‘ಅಢತಿಯಾನಿ’. ಅದರ ‘ಅಢತಿ’ ಮೊದಲ ಸಾಲಿನ ಕೊನೆಗೆ, ‘ಯಾನಿ’ ಎರಡನೆಯ ಸಾಲಿನ ಮೊದಲಿಗೆ. ಮೂರನೆಯ ಸಾಲಿನ ಕೊನೆಗೆ ‘ಜಂಬು’, ದ್ವೀಪ ಏನಿದ್ದರೂ ಕೆಳಗಿನ ಸಾಲಿಗೆ. ನಡುವೆ ಅಡ್ಡಗೆರೆ ಇಲ್ಲ, ಪದ ಮುಂದುವರಿದಿದೆ ಎಂದು ಹೇಳುವ ಬೇರೆ ಗುರುತೂ ಇಲ್ಲ. ಕಲ್ಲು ಮುಗಿಯಿತು, ಕೆತ್ತುವವನು ಕೆಳಗಿಳಿದ, ಅಷ್ಟೆ. ಬಂಡೆಯನ್ನು ಅಗಲ ಮಾಡಲಾಗದು, ಕೆತ್ತಿದ್ದನ್ನು ಅಳಿಸಲಾಗದು. ಇರುವ ಅಗಲಕ್ಕೆ ಸಾಲನ್ನು ಹೊಂದಿಸಬೇಕು. ಮೊಬೈಲಿನ ಪರದೆಯಲ್ಲಿ ಒಂದು ಸಂದೇಶ ಸಾಲುಸಾಲಾಗಿ ಮೂಡುವಾಗ ಒಳಗೆ ನಡೆಯುವುದೂ ಇದೇ ಕೆಲಸ. ಆದರೆ ಆ ಶಿಲ್ಪಿ ಎಡವದ ಒಂದು ಜಾಗದಲ್ಲಿ ಇವತ್ತಿನ ಯಂತ್ರಗಳು ಎಡವುತ್ತವೆ. ಪದವನ್ನು ಎಲ್ಲಿ ಬೇಕಾದರೂ ಮುರಿದ ಅವನು ಅಕ್ಷರವನ್ನು ಮುರಿಯಲಿಲ್ಲ.

ಆ ಕಾಲದ ಲಿಪಿಕಾರರು ಸಾಲಿನ ಜೊತೆ ಪಟ್ಟ ಪಾಡು ನೋಡಬೇಕೆಂದರೆ ನಮ್ಮ ಸುತ್ತಮುತ್ತಲೇ ಸಾಕಷ್ಟು ಬಂಡೆಗಳಿವೆ. ಕರ್ನೂಲು ಕಡೆಯ ಎರ್ರಗುಡಿಯಲ್ಲಿ ಅಶೋಕನದೇ ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ ಬರುತ್ತವೆ, ಕೆಲವು ಬಲದಿಂದ ಎಡಕ್ಕೆ ಮರಳುತ್ತವೆ. ಗಳೆ ಹೊಡೆಯುವ ಎತ್ತು ಹೊಲದ ಬದುವಿನ ತನಕ ಹೋಗಿ ಅಲ್ಲೇ ತಿರುಗಿದ ಹಾಗೆ. ಸಾಲಿನ ಕೊನೆಯಿಂದ ಮುಂದಿನ ಸಾಲಿನ ತಲೆಗೆ ಕಣ್ಣು ಹಾರಬೇಕಾದ ತೊಂದರೆಯನ್ನು ತಪ್ಪಿಸುವ ಒಂದು ಉಪಾಯವದು. ನಮ್ಮ ಕಡೆ ಅದು ನೆಲೆಯೂರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಚಪಡನೆಂಬ ಲಿಪಿಕಾರ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬನ್ನು ಹೇಳುವ ಒಂದು ಪದವನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ಅಂದರೆ ಬಲದಿಂದ ಎಡಕ್ಕೆ, ಕೆತ್ತಿದ್ದಾನೆ. ಎರಡು ದಿಕ್ಕಿನ ಬರಹ ಒಂದೇ ಪುಟದಲ್ಲಿ ಬಂದರೆ ಏನು ಮಾಡಬೇಕೆಂಬುದು ಇಂದಿನ ತಂತ್ರಾಂಶಗಳಿಗೂ ತಲೆನೋವಿನ ಅಧ್ಯಾಯ. ಸನ್ನತಿಯ ಕಥೆಯೇ ಬೇರೆ. ಅಲ್ಲಿ ಅಶೋಕನ ಶಾಸನದ ಚಪ್ಪಡಿಯನ್ನು ಮುಂದೆ ಯಾವುದೋ ಕಾಲದಲ್ಲಿ ದೇವಿಯ ವಿಗ್ರಹಕ್ಕೆ ಪೀಠ ಮಾಡಿಕೊಂಡು, ಬರಹದ ನಡುವೆಯೇ ತೂತು ಕೊರೆದಿದ್ದಾರೆ. ಸಾಲುಗಳು ಅಲ್ಲಿ ತುಂಡಾದದ್ದಕ್ಕೆ ಬರೆದವನು ಹೊಣೆಯಲ್ಲ.

ತೂತನ್ನು ಮೊದಲೇ ಲೆಕ್ಕ ಹಿಡಿದು ಬರೆದವರು ಓಲೆಗರಿಯವರು. ಗರಿಗೆ ದಾರ ಪೋಣಿಸಲು ಒಂದೋ ಎರಡೋ ರಂಧ್ರ ಬೇಕು. ಅದರ ಸುತ್ತ ಚೌಕಾಕಾರದ ಜಾಗ ಖಾಲಿ ಬಿಟ್ಟು, ಸಾಲು ಆಚೆ ಬದಿಗೆ ದಾಟಿ ಮುಂದುವರಿಯುತ್ತದೆ. ಗರಿ ಅಗಲ ಕಡಿಮೆ, ಉದ್ದ ಬಹಳ. ಹಾಗಾಗಿ ಸಾಲುಗಳು ಕೆಲವೇ, ಆದರೆ ಒಂದೊಂದೂ ಉದ್ದುದ್ದ. ಪದಗಳ ನಡುವೆ ತೆರಪು ಬಿಡುವ ರೂಢಿ ಇರಲಿಲ್ಲ. ತೆರಪೇ ಇಲ್ಲವೆಂದ ಮೇಲೆ ಸಾಲನ್ನು ತೆರಪಿನಲ್ಲೇ ಮುರಿಯಬೇಕೆಂಬ ನಿಯಮ ಎಲ್ಲಿಂದ ಬಂದೀತು? ತುದಿ ಬಂದಲ್ಲಿ ನಿಲ್ಲುವುದು, ಇನ್ನೊಂದು ಅಕ್ಷರ ಹಿಡಿಸಿದರೆ ಬರೆಯುವುದು, ಇಲ್ಲವಾದರೆ ಕೆಳಗಿಳಿಯುವುದು. ಗಟ್ಟಿಯಾಗಿ ಓದುವವನಿಗೆ ಇದರಿಂದ ತೊಡಕಾಗುತ್ತಿರಲಿಲ್ಲ. ಅವನ ನಾಲಿಗೆ ಹೇಗೂ ಅಕ್ಷರದಿಂದ ಅಕ್ಷರಕ್ಕೆ ನಡೆಯುತ್ತಿತ್ತು.

ಹಾಗಾದರೆ ಅಕ್ಷರ ಎಂದರೆ ಎಷ್ಟು? ‘ಮಸ್ಕಿ’ಯನ್ನೇ ತೆಗೆದುಕೊಳ್ಳಿ. ಶಾಲೆಯ ಮಗುವನ್ನು ಕೇಳಿದರೆ ಎರಡು ಅಕ್ಷರ ಎನ್ನುತ್ತದೆ: ಮ, ಸ್ಕಿ. ಕಂಪ್ಯೂಟರನ್ನು ಕೇಳಿದರೆ ಐದು ಎನ್ನುತ್ತದೆ: ಮ, ಸ, ಹಲಂತದ ಗುರುತು, ಕ, ಇಕಾರದ ಗುಡಿಸು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಅಲ್ಲಿ ಒತ್ತಕ್ಷರಗಳಿಗೆ ಬೇರೆ ಸಂಕೇತ ಇಲ್ಲ. ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಎಂದು ಸಾಲಾಗಿ ಇಟ್ಟರೆ ಫಾಂಟು ಅದನ್ನು ಒತ್ತಾಗಿ ಬರೆದು ತೋರಿಸುತ್ತದೆ. ಇಟ್ಟ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು. ‘ಸ್ಕಿ’ಯಲ್ಲಿ ಗುಡಿಸು ಉಚ್ಚಾರಣೆಯ ಪ್ರಕಾರ ‘ಕ’ಕ್ಕೆ ಸೇರಿದ್ದು, ಕಾಣುವುದು ‘ಸ’ದ ತಲೆಯ ಮೇಲೆ. ‘ಸೂರ್ಯ’ದಲ್ಲಿ ‘ರ’ ಮೊದಲು ಬರುತ್ತದೆ, ಆದರೆ ಅರ್ಕಾವೊತ್ತಾಗಿ ‘ಯ’ದ ಆಚೆ ಹೋಗಿ ಕೂರುತ್ತದೆ. ಇಂಥ ಕಟ್ಟನ್ನು ನಡುವೆ ಕತ್ತರಿಸಿದರೆ ಎರಡು ತುಂಡು ಸಿಗುವುದಿಲ್ಲ, ಎರಡು ಬೇರೆಯೇ ಆಕಾರ ಸಿಗುತ್ತವೆ. ಮೇಲಿನ ಸಾಲಿನಲ್ಲಿ ‘ಮಸ್’, ಕೆಳಗಿನ ಸಾಲಿನಲ್ಲಿ ‘ಕಿ’. ಓದುವವನಿಗೆ ಇವೆರಡನ್ನು ಕೂಡಿಸಿದರೆ ಮಸ್ಕಿ ಎಂದು ಹೊಳೆಯಲು ಒಂದು ಕ್ಷಣ ಬೇಕು. ಆ ಒಂದು ಕ್ಷಣವನ್ನು ಉಳಿಸುವುದಕ್ಕೇ ಸಾಲು ಮುರಿಯುವ ವಿದ್ಯೆ ಇರುವುದು.

ಅಚ್ಚಿನ ಕಾಲಕ್ಕೆ ಬರೋಣ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮೊದಲು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಎಂದರೆ ಕೈಬರಹವೇ. ಸಾಲಿನ ಕೊನೆಗೆ ಬಂದಾಗ ಬರೆಯುವವನು ಎರಡು ಅಕ್ಷರವನ್ನು ಸ್ವಲ್ಪ ಒತ್ತಿ ಬರೆದರೆ ಯಾರೂ ಕೇಳುವುದಿಲ್ಲ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆದು, ಅಚ್ಚುಮೊಳೆಗಳಲ್ಲಿ ಮುದ್ರಣವಾಗತೊಡಗಿತು. ಮೊಳೆ ಸೀಸದ್ದು, ಅದನ್ನು ಒತ್ತಿ ಸಣ್ಣದು ಮಾಡಲಾಗದು. ಕುಗ್ಗಿಸಲು, ಹಿಗ್ಗಿಸಲು ಉಳಿದದ್ದು ಪದಗಳ ನಡುವಿನ ತೆರಪು ಮಾತ್ರ.

ಕಂಪೋಸಿಟರನ ಕೆಲಸ ಹೀಗಿರುತ್ತಿತ್ತು. ಎಡಗೈಯಲ್ಲಿ ಕಂಪೋಸಿಂಗ್ ಸ್ಟಿಕ್, ಅದಕ್ಕೆ ಕಾಲಮ್ಮಿನ ಅಗಲವನ್ನು ಮೊದಲೇ ಬಿಗಿ ಮಾಡಿಟ್ಟಿರುತ್ತಾನೆ. ಬಲಗೈ ಕೇಸಿನ ಮನೆಗಳಿಂದ ಒಂದೊಂದೇ ಮೊಳೆ ಎತ್ತಿ ಜೋಡಿಸುತ್ತದೆ. ಕನ್ನಡದ ಕೇಸು ಇಂಗ್ಲಿಷಿನದಕ್ಕಿಂತ ಬಲು ದೊಡ್ಡದು. ಕಾಗುಣಿತದ ರೂಪಗಳೂ ಒತ್ತುಗಳೂ ಸೇರಿ ಮನೆಗಳು ಅಷ್ಟು. ಸಾಲು ತುಂಬುತ್ತಾ ಬಂದು, ಮುಂದಿನ ಪದ ಹಿಡಿಸುವುದಿಲ್ಲ ಎಂದು ಗೊತ್ತಾದಾಗ ಅವನ ಮುಂದೆ ಮೂರು ದಾರಿ. ಹಾಕಿದ ತೆರಪುಗಳನ್ನು ತೆಗೆದು ತೆಳುವಾದವನ್ನು ಹಾಕಿ ಪದವನ್ನು ಒಳಗೆ ತರುವುದು ಒಂದು. ತೆರಪುಗಳನ್ನು ದಪ್ಪ ಮಾಡಿ ಸಾಲನ್ನು ಹಿಗ್ಗಿಸಿ, ಪದವನ್ನು ಕೆಳಗೆ ಕಳಿಸುವುದು ಇನ್ನೊಂದು. ಪದವನ್ನೇ ಮುರಿದು ಅಡ್ಡಗೆರೆ ಹಾಕುವುದು ಮೂರನೆಯದು. ಸ್ಟಿಕ್ಕಿನೊಳಗೆ ಸಾಲು ಅಲುಗದಷ್ಟು ಬಿಗಿಯಾಗಿ ಕೂರದಿದ್ದರೆ ಮೊಳೆಗಳು ಅಚ್ಚಿನ ಯಂತ್ರದ ಕೆಳಗೆ ಉದುರುತ್ತವೆ. ಎರಡೂ ಅಂಚು ನೇರವಾಗಿರುವುದು ಕಣ್ಣಿಗೆ ಚೆಂದ ನಿಜ, ಆದರೆ ಆ ಕಾಲಕ್ಕೆ ಅದು ಸೀಸದ ಅನಿವಾರ್ಯವೂ ಆಗಿತ್ತು. ಸೀಸ ಹೋಗಿ ದಶಕಗಳಾದವು, ಎರಡು ಅಂಚು ನೇರ ಮಾಡುವ ಗೀಳು ಮಾತ್ರ ನಮಗೆ ಹೋಗಿಲ್ಲ.

ಮೂರನೆಯ ದಾರಿಯಲ್ಲಿ ಕನ್ನಡದ ಪೇಚು ಕಾಣುವುದು. ನಮ್ಮ ಪದಗಳು ಪ್ರತ್ಯಯ ಸೇರಿಸಿಕೊಂಡು ಬೆಳೆಯುತ್ತಾ ಹೋಗುತ್ತವೆ. ‘ಅಧಿಕಾರಿಗಳಿಂದಲೇ’ ಒಂದೇ ಪದ. ‘ಒಪ್ಪಿಕೊಳ್ಳಬೇಕಾಗಿರುವುದರಿಂದ’ ಕೂಡ ಒಂದೇ ಪದ. ದಿನಪತ್ರಿಕೆಯ ಸಣ್ಣ ಕಾಲಮ್ಮಿನಲ್ಲಿ ಇಂಥದ್ದನ್ನು ಮುರಿಯದೆ ಕೂರಿಸಹೊರಟರೆ ಮೇಲಿನ ಸಾಲಿನಲ್ಲಿ ಎರಡೇ ಪದ ಉಳಿದು, ನಡುವೆ ಊರಗಲದ ತೆರಪು ಬೀಳುತ್ತದೆ. ಮುರಿದರೆ ಎಲ್ಲಿ ಮುರಿಯುವುದು? ‘ಅಧ್ಯಕ್ಷರಾಗಿ’ ಎಂಬುದನ್ನು ‘ಅಧ್ಯಕ್ಷ’ ಆದ ಮೇಲೆ ಮುರಿದರೆ ಅಕ್ಷರದ ದೃಷ್ಟಿಯಿಂದ ಯಾವ ತಪ್ಪೂ ಇಲ್ಲ. ಆದರೆ ಮುಂದಿನ ಸಾಲು ‘ರಾಗಿ ಆಯ್ಕೆಯಾದರು’ ಎಂದು ಶುರುವಾಗುತ್ತದೆ. ಜೋಳ, ಭತ್ತದ ಸೀಮೆಯಲ್ಲಿ ಕೂತು ಪೇಪರ್ ಓದುವವರಿಗೆ ರಾಗಿಯ ಆಯ್ಕೆ ಏಕೆಂದು ತಿಳಿಯುವುದು ಹೇಗೆ? ‘ಅಧ್ಯಕ್ಷರಾ-’ ಎಂದು ನಿಲ್ಲಿಸಿ ‘ಗಿ’ ಒಂದನ್ನೇ ಕೆಳಗಿಳಿಸಿದರೆ ಅದು ಇನ್ನೂ ಕೆಟ್ಟದ್ದು. ಒಂಟಿ ಅಕ್ಷರವನ್ನು ಸಾಲಿನ ತಲೆಯಲ್ಲಾಗಲಿ ಬಾಲದಲ್ಲಾಗಲಿ ಬಿಡಬಾರದು. ಇಂಥ ಕಡೆ ಹಳೆಯ ಕಂಪೋಸಿಟರ್ ವಾಕ್ಯವನ್ನೇ ಒಮ್ಮೆ ಓದಿಕೊಂಡು, ಹಿಂದಿನ ಸಾಲಿಗೆ ಹೋಗಿ, ಒಂದು ತೆರಪು ತೆಗೆದು ಸರಿಮಾಡುತ್ತಿದ್ದ. ಯಂತ್ರ ಹಿಂದಿನ ಸಾಲಿಗೆ ಹೋಗುತ್ತದೆಯೇ ಎಂಬುದು ಈಗಿನ ಪ್ರಶ್ನೆ.

ಬಹುಪಾಲು ಹೋಗುವುದಿಲ್ಲ. ಫೋನಿನಲ್ಲಿ, ಬ್ರೌಸರಿನಲ್ಲಿ, ವರ್ಡ್‌ನಲ್ಲಿ ಸಾಮಾನ್ಯವಾಗಿ ನಡೆಯುವುದು ಮಸ್ಕಿಯ ಶಿಲ್ಪಿಯ ಕ್ರಮವೇ: ಹಿಡಿಸುವಷ್ಟು ತುಂಬು, ಹಿಡಿಸದಿದ್ದರೆ ಕೆಳಗಿಳಿ, ತಿರುಗಿ ನೋಡಬೇಡ. ಮೊದಲಿಗೆ ಬರಹದಲ್ಲಿ ಎಲ್ಲೆಲ್ಲಿ ಮುರಿಯಬಹುದು ಎಂದು ಗುರುತು ಹಾಕಿಕೊಳ್ಳಲಾಗುತ್ತದೆ. ಕನ್ನಡಕ್ಕೆ ಯೂನಿಕೋಡಿನ ನಿಯಮ ಸರಳ: ತೆರಪು ಇದ್ದಲ್ಲಿ, ಅಡ್ಡಗೆರೆಯ ನಂತರ ಮುರಿಯಬಹುದು, ಪದದೊಳಗೆ ಕೂಡದು. ಆಮೇಲೆ ಅಳತೆ. ಅಕ್ಷರಗಳನ್ನು ಎಣಿಸಿದರೆ ಅಗಲ ಗೊತ್ತಾಗುವುದಿಲ್ಲ. ‘ರ’ ಸಣ್ಣದು, ‘ಮ’, ‘ಝ’ ದೊಡ್ಡವು. ದೀರ್ಘದ ಗುರುತು, ಪಕ್ಕಕ್ಕೆ ಚಾಚುವ ಒತ್ತು ಬೇರೆ ಜಾಗ ಕೇಳುತ್ತವೆ. ಹಾಗಾಗಿ ಫಾಂಟಿನಲ್ಲಿ ಅಕ್ಷರಗಳನ್ನು ನಿಜವಾಗಿ ಕಟ್ಟಿ ನೋಡಿದ ಮೇಲೆಯೇ ಅಗಲ ತಿಳಿಯುವುದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಈ ಕಟ್ಟುವ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಕಟ್ಟಿ, ಅಳೆದು, ಎಲ್ಲಿಯವರೆಗೆ ಹಿಡಿಸುತ್ತದೋ ಅಲ್ಲಿಗೆ ಹತ್ತಿರದ ತೆರಪಿನಲ್ಲಿ ಮುರಿಯುತ್ತಾರೆ. ಫೋನನ್ನು ಅಡ್ಡ ಹಿಡಿದರೆ ಇಷ್ಟೂ ಮೊದಲಿನಿಂದ.

ತಿರುಗಿ ನೋಡದಿರುವುದರ ಬೆಲೆ ಎಷ್ಟು ಎಂದು ಲೆಕ್ಕ ಹಾಕಿಯೇ ನೋಡಬಹುದು. ಎಲ್ಲ ಅಕ್ಷರಗಳ ಅಗಲವೂ ಒಂದೇ ಎಂದುಕೊಳ್ಳಿ. ತೆರಪಿಗೂ ಒಂದು ಅಕ್ಷರದ ಜಾಗ. ಒಂದು ಸಾಲಿಗೆ ಒಂಬತ್ತು ಅಕ್ಷರ ಹಿಡಿಸುತ್ತದೆ. ವಾಕ್ಯ ಇದು: ಮರುದಿನ ಸಿಂಧನೂರು ಬಿಟ್ಟು ಲಿಂಗಸುಗೂರಿನತ್ತ ಹೊರಟರು. ತುಂಬುತ್ತಾ ಹೋದರೆ:

ಮರುದಿನ ಸಿಂಧನೂರು
ಬಿಟ್ಟು
ಲಿಂಗಸುಗೂರಿನತ್ತ
ಹೊರಟರು.

ಮೊದಲ ಸಾಲು ಭರ್ತಿ, ಉಳಿದದ್ದು ಸೊನ್ನೆ. ಎರಡನೆಯದರಲ್ಲಿ ‘ಬಿಟ್ಟು’ ಒಂದೇ, ಏಳು ಮನೆ ಖಾಲಿ. ಮೂರನೆಯದರಲ್ಲಿ ಎರಡು ಖಾಲಿ. ಕೊನೆಯ ಸಾಲು ಎಷ್ಟಿದ್ದರೂ ನಡೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಸಾಲಿನಲ್ಲಿ ದೊಡ್ಡ ಖಾಲಿ ಬಿಟ್ಟರೆ ಹೆಚ್ಚು ದಂಡ ಬೀಳಲೆಂದು ಖಾಲಿಯ ವರ್ಗ ತೆಗೆದು ಕೂಡಿಸಿದರೆ 0, 49, 4; ಒಟ್ಟು 53. ಈಗ ಇನ್ನೊಂದು ಬಗೆ:

ಮರುದಿನ
ಸಿಂಧನೂರು ಬಿಟ್ಟು
ಲಿಂಗಸುಗೂರಿನತ್ತ
ಹೊರಟರು.

ಖಾಲಿ ಬಿಟ್ಟದ್ದು ಐದು, ಎರಡು, ಎರಡು. ವರ್ಗಗಳು 25, 4, 4, ಒಟ್ಟು 33. ಸಾಲುಗಳು ಅಷ್ಟೇ, ನೋಟ ಮೇಲು. ‘ಸಿಂಧನೂರು ಬಿಟ್ಟು’ ಒಂದೇ ಉಸಿರಿಗೆ ಸಿಕ್ಕಿತು, ಅದು ಲಾಭದ ಮೇಲೆ ಲಾಭ. ಮೊದಲ ಸಾಲಿನಲ್ಲಿ ಸ್ವಲ್ಪ ಕಳೆದುಕೊಳ್ಳಲು ಒಪ್ಪಿದ್ದರಿಂದ ಇದು ಸಾಧ್ಯವಾಯಿತು. ಸಾಲು ಸಾಲಾಗಿ ನೋಡದೆ ಇಡೀ ಪ್ಯಾರಾ ನೋಡಬೇಕು ಎಂಬ ಈ ವಿಚಾರವನ್ನು ಡೊನಾಲ್ಡ್ ಕ್ನೂತ್ ಮತ್ತು ಮೈಕೆಲ್ ಪ್ಲಾಸ್ 1981ರ ಪ್ರಬಂಧವೊಂದರಲ್ಲಿ ವಿವರವಾಗಿ ಮಂಡಿಸಿದರು. ಕ್ನೂತರ ಟೆಕ್ ತಂತ್ರಾಂಶ ಹಾಗೇ ಕೆಲಸ ಮಾಡುತ್ತದೆ. ಅವರ ದಂಡದ ಲೆಕ್ಕ ನಮ್ಮ ವರ್ಗದ ಲೆಕ್ಕಕ್ಕಿಂತ ಸೂಕ್ಷ್ಮ: ತೆರಪುಗಳು ಎಷ್ಟು ಹಿಗ್ಗಬೇಕಾಯಿತು, ಎಷ್ಟು ಕುಗ್ಗಬೇಕಾಯಿತು, ಪದ ಮುರಿಯಬೇಕಾಯಿತೇ, ಎರಡು ಸಾಲು ಒಂದರ ಕೆಳಗೊಂದು ಅಡ್ಡಗೆರೆಯಲ್ಲಿ ಮುಗಿದವೇ, ಎಲ್ಲದಕ್ಕೂ ಬೇರೆ ಬೇರೆ ದಂಡ. ಸಾಧ್ಯವಿರುವ ಒಡಕುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರೆ ದಿನ ಹಿಡಿದೀತು. ಈವರೆಗಿನ ಒಳ್ಳೆಯ ಫಲಿತಾಂಶಗಳನ್ನು ಮಾತ್ರ ನೆನಪಿಟ್ಟುಕೊಂಡು ಮುಂದುವರಿಯುವುದರಿಂದ ಕೆಲಸ ಬೇಗ ಮುಗಿಯುತ್ತದೆ. 2023ರಲ್ಲಿ ಕ್ರೋಮ್ ಬ್ರೌಸರಿಗೂ ಇದರ ಸಣ್ಣ ರೂಪ ಬಂತು. ತಲೆಬರಹದ ಸಾಲುಗಳನ್ನು ಸಮ ಮಾಡುವ ‘ಬ್ಯಾಲೆನ್ಸ್’, ಪ್ಯಾರಾದ ಕೊನೆಗೆ ಒಂಟಿ ಪದ ಉಳಿಯದಂತೆ ನೋಡುವ ‘ಪ್ರಿಟಿ’. ಕನ್ನಡದ ಉದ್ದ ಪದಗಳ ತಲೆಬರಹಕ್ಕೆ ಮೊದಲನೆಯದು ಬಹಳ ಉಪಕಾರಿ. ಜಾಲತಾಣ ಮಾಡುವವರು ಇದನ್ನು ಏಕೆ ಹಾಕುವುದಿಲ್ಲವೋ!

ಪದ ಮುರಿಯಲು ಒಪ್ಪಿದರೆ ಅದೇ ವಾಕ್ಯ ಮೂರೇ ಸಾಲಿಗೆ ಇಳಿಯುತ್ತದೆ:

ಮರುದಿನ ಸಿಂಧನೂರು
ಬಿಟ್ಟು ಲಿಂಗಸು-
ಗೂರಿನತ್ತ ಹೊರಟರು.

ಕಿವಿಗೆ ಕೇಳಿದರೆ ‘ಲಿಂಗ’ ಆದ ಮೇಲೆ ನಿಲ್ಲುವುದು ಸಹಜ. ಆದರೆ ಹಾಗೆ ಮಾಡಿದರೆ ಕೆಳಗಿನ ಸಾಲು ಒಂದು ಅಕ್ಷರ ಉದ್ದವಾಗಿ ‘ಹೊರಟರು’ ಹೊರಗುಳಿಯುತ್ತದೆ. ಇಂಥ ಚೌಕಾಸಿ ದಿನಪತ್ರಿಕೆಯ ಪುಟದಲ್ಲಿ ಪ್ರತಿ ಪ್ಯಾರಾಕ್ಕೂ ನಡೆಯುತ್ತದೆ. ಪದದೊಳಗೆ ಎಲ್ಲಿ ಮುರಿಯಬಹುದೆಂದು ಯಂತ್ರಕ್ಕೆ ಹೇಳಿಕೊಡುವ ವಿಧಾನವನ್ನು ಫ್ರಾಂಕ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫರ್ಡಿನ ತಮ್ಮ ಸಂಶೋಧನೆಯಲ್ಲಿ ರೂಪಿಸಿದರು. ಇಂಗ್ಲಿಷಿನ ಕಾಗುಣಿತಕ್ಕೆ ಹಿಡಿತವಿಲ್ಲದ ಕಾರಣ ಅದಕ್ಕೆ ಸುಮಾರು ನಾಲ್ಕೂವರೆ ಸಾವಿರ ಮಾದರಿಗಳು ಬೇಕಾದವು. ಕನ್ನಡಕ್ಕೆ ವರ್ಣಮಾಲೆಯಷ್ಟು ಉದ್ದದ ಒಂದು ಪಟ್ಟಿ ಸಾಕು: ಸ್ವರ ಮುಗಿದ ಮೇಲೆ ಮುರಿಯಬಹುದು, ಅನುಸ್ವಾರ, ವಿಸರ್ಗ, ಹಲಂತದ ಮುಂಚೆ ಕೂಡದು, ಹಲಂತದ ನಂತರವೂ ಕೂಡದು. ಟೆಕ್ ಜೊತೆ ಬರುವ ಕನ್ನಡದ ಪಟ್ಟಿಯನ್ನು ಮಾಡಿಕೊಟ್ಟವರು ಮಲಯಾಳದ ಸಂತೋಷ್ ತೋಟ್ಟಿಂಗಲ್. ಪಟ್ಟಿ ಅಕ್ಷರವನ್ನು ಕಾಯುತ್ತದೆ, ಅರ್ಥವನ್ನು ಕಾಯುವುದಿಲ್ಲ. ರಾಗಿಯನ್ನು ತಡೆಯಲು ಕರಡು ತಿದ್ದುವವರೇ ಬೇಕು.

ಇನ್ನು ಯಂತ್ರ ಅಕ್ಷರವನ್ನೇ ಒಡೆಯುವ ಸಂದರ್ಭ. ಒಂದು ಪದ ಇಡೀ ಸಾಲಿಗಿಂತ ಉದ್ದವಾಗಿದ್ದರೆ, ತೆರಪಿನಲ್ಲೇ ಮುರಿಯುವ ನಿಯಮ ಕೈಕೊಡುತ್ತದೆ. ಆ್ಯಪ್‌ಗಳ ಸಣ್ಣ ಗುಂಡಿಗಳಲ್ಲಿ, ಕೋಷ್ಟಕದ ಕಿರಿದಾದ ಅಂಕಣಗಳಲ್ಲಿ ಇದು ಸಾಮಾನ್ಯ. ಆಗ ತುರ್ತಿನ ಕಾಯ್ದೆ: ಎಲ್ಲಿ ತುಂಬಿತೋ ಅಲ್ಲಿ ಕತ್ತರಿಸು. ಹಾಗೆ ಕತ್ತರಿಸುವಾಗಲೂ ಒಡೆಯಬಾರದ ಘಟಕ ಯಾವುದೆಂದು ಯೂನಿಕೋಡ್ ಹೇಳುತ್ತದೆ. ವ್ಯಂಜನಕ್ಕೆ ಗುಡಿಸು, ಕೊಂಬು, ಹಲಂತ ಅಂಟಿಕೊಂಡೇ ಇರುತ್ತವೆ. ಆದರೆ ಹಲಂತದ ಮುಂದಿನ ವ್ಯಂಜನ ಹೊಸ ಘಟಕ. ಹೀಗೆ ‘ಮಸ್ಕಿ’ ಶಾಲೆಯ ಮಗುವಿನ ಎರಡೂ ಅಲ್ಲ, ಸಂಕೇತಗಳ ಐದೂ ಅಲ್ಲ, ಮೂರಾಗುತ್ತದೆ: ಮ, ಸ್, ಕಿ. ಒತ್ತಕ್ಷರವನ್ನು ಇಡಿಯಾಗಿ ಉಳಿಸುವ ಹೊಸ ನಿಯಮವೊಂದನ್ನು 2023ರ ಯೂನಿಕೋಡ್ 15.1ರಲ್ಲಿ ಸೇರಿಸಿದರು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒತ್ತು ಕಟ್ಟುವ ವಿಷಯದಲ್ಲಿ ಕನ್ನಡಕ್ಕೂ ತೆಲುಗಿಗೂ ಇರುವ ವ್ಯತ್ಯಾಸ ಏನು ಮಹಾ? ತುಂಗಭದ್ರೆ ದಾಟಿದರೆ ಅಲ್ಲಿನ ಅಕ್ಷರಕ್ಕೆ ರಕ್ಷಣೆ, ಈ ದಡದ ಅಕ್ಷರಕ್ಕೆ ಇಲ್ಲ ಎಂಬಂಥ ಸ್ಥಿತಿ ನನಗಂತೂ ಒಪ್ಪುವಂಥದ್ದಲ್ಲ.

ನುಡಿ, ಬರಹ, ಶ್ರೀಲಿಪಿ ಕಾಲದ ಹಳೆಯ ಫಾಂಟುಗಳ ತೊಂದರೆ ಇದಕ್ಕಿಂತ ಹಿಂದಿನದು, ಇನ್ನೂ ಮುಗಿಯದ್ದು. ಅವುಗಳಲ್ಲಿ ಒತ್ತು, ದೀರ್ಘ, ಅರ್ಕಾವೊತ್ತು ಎಲ್ಲವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಬೇರೆ ಬೇರೆ ಚಿತ್ರಗಳು. ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಅದು ಕನ್ನಡ ಎಂದೇ ಗೊತ್ತಿಲ್ಲ. ಉದ್ದ ಪದವನ್ನು ಬಲವಂತವಾಗಿ ಮುರಿದಾಗ ಒತ್ತೊಂದೇ ಮುಂದಿನ ಸಾಲಿನ ತಲೆಗೆ ಹೋಗಿ ಕೂರಬಹುದು. ಇಂಗ್ಲಿಷಿನ ಪದ ಮುರಿಯುವ ಆಯ್ಕೆ ಚಾಲೂ ಇದ್ದರೆ ಇನ್ನೂ ಫಜೀತಿ. ಮದುವೆ ಕಾರ್ಡು, ಕರಪತ್ರ ಮಾಡುವ ಅಂಗಡಿಗಳಲ್ಲಿ ಇವತ್ತಿಗೂ ಈ ಫಾಂಟುಗಳೇ ಹೆಚ್ಚು, ಅಕ್ಷರಗಳ ಅಂದಕ್ಕೆ. ಅಂಥ ಕಡೆ ಮೊದಲು ಮಾಡಬೇಕಾದ್ದು ಆ ಆಯ್ಕೆಯನ್ನು ಬಂದ್ ಮಾಡುವುದು.

ಕಾರ್ಡಿನ ಅಂಗಡಿಯ ಮಾತು ಬಂತು. ಅಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಹೀಗಿರುತ್ತದೆ:

“ಅಣ್ಣಾರ, ನಮ್ಮ ಮುತ್ಯಾನ ಹೆಸರು ಎರಡು ಸಾಲಿಗೆ ಹರಿಬಾರ್ದ್ ನೋಡ್ರಿ.”

“ಅಕ್ಷರ ಸಣ್ಣವು ಮಾಡ್ಲೇನ್ರಿ ಹಂಗಾರ?”

“ಸಣ್ಣವು ಮಾಡಿದ್ರ ದೊಡ್ಡಪ್ಪಗ ಸಿಟ್ಟು ಬರ್ತೈತ್ರಿ.”

ಗಿರಾಕಿ ಹೇಳಿದ್ದರಲ್ಲಿ ತಪ್ಪಿಲ್ಲ. ಹೆಸರು ಮುರಿಯಬಾರದು. ‘ಶ್ರೀ’ ಮೇಲಿನ ಸಾಲಿನಲ್ಲಿ ಉಳಿದು ಹೆಸರು ಕೆಳಗೆ ಹೋಗಬಾರದು. ‘ರೂ.’ ಒಂದು ಕಡೆ ‘500’ ಇನ್ನೊಂದು ಕಡೆ ಆಗಬಾರದು. ‘ಕ್ರಿ.ಶ.’, ‘ಡಾ.’, ತಾರೀಕು, ತಿಂಗಳು ಎಲ್ಲಕ್ಕೂ ಇದೇ ಮಾತು. ಇವುಗಳ ನಡುವೆ ಮಾಮೂಲಿ ತೆರಪಿನ ಬದಲು ಮುರಿಯದ ತೆರಪು ಹಾಕಬೇಕು. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು ಸ್ಪೇಸ್ ಒತ್ತಿದರೆ ಅದು ಬರುತ್ತದೆ. ನೋಡಲು ಮಾಮೂಲಿಯದೇ, ಆದರೆ ಎರಡೂ ಕಡೆಯ ಪದಗಳು ಕೈಬಿಡುವುದಿಲ್ಲ. ಇದರ ವಿರುದ್ಧದ ಕೆಲಸಕ್ಕೆ, ಅಂದರೆ ಉದ್ದ ಪದದೊಳಗೆ ‘ಬೇಕಾದರೆ ಇಲ್ಲಿ ಮುರಿ’ ಎಂದು ಗುಟ್ಟಾಗಿ ಹೇಳಲು, ಮೃದು ಅಡ್ಡಗೆರೆ ಇದೆ. ಕಂಟ್ರೋಲ್ ಜೊತೆ ಅಡ್ಡಗೆರೆಯ ಕೀಲಿ. ಮುರಿಯುವ ಪ್ರಸಂಗ ಬರದಿದ್ದರೆ ಅದು ಕಾಣುವುದೇ ಇಲ್ಲ. ಬಹಳ ಮಂದಿ ಇದನ್ನು ತಿಳಿಯದೆ ನಿಜವಾದ ಅಡ್ಡಗೆರೆಯನ್ನೇ ಹಾಕಿಬಿಡುತ್ತಾರೆ. ಆಮೇಲೆ ಕಾಲಮ್ಮಿನ ಅಗಲ ಬದಲಾಗಿ, ಸಾಲಿನ ನಡುವೆ ‘ಕಾರ್ಯ-ಕ್ರಮ’ ಎಂದು ಹಲ್ಲು ಕಿರಿಯುತ್ತಾ ನಿಂತಿರುತ್ತದೆ. ಸಾಲಿನ ಕೊನೆಗೆ ಎಂಟರ್ ಒತ್ತುವ ಅಭ್ಯಾಸವೂ ಇದೇ ಜಾತಿಯದು. ಕಾರ್ಡು, ಬ್ಯಾನರುಗಳಲ್ಲಿ ಅಗಲ ಬದಲಾಗದು, ಅಲ್ಲಿ ಕೈಯಾರೆ ಮುರಿಯುವುದೇ ಸರಿ, ಅದಕ್ಕೆ ಶಿಫ್ಟ್ ಜೊತೆ ಎಂಟರ್. ಫೋನಿನಲ್ಲಿ ಓದುವ ಬರಹಕ್ಕೆ ಎಂಟರ್ ಒತ್ತಿ ಸಾಲು ಮುರಿಯಬಾರದು.

ಕಣ್ಣಿಗೆ ಕಾಣದ ಇನ್ನೊಂದು ಗುರುತು ಕನ್ನಡಿಗರ ಬರಹದಲ್ಲಿ ತುಂಬಾ ಓಡಾಡುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಕೆಳಗೆ ‘ಕ’ ಒತ್ತಾಗಿ ಬೀಳದಂತೆ ತಡೆಯುವ ಶೂನ್ಯ ಅಗಲದ ತಡೆ. ಇದು ಒತ್ತನ್ನು ಬಿಡಿಸುತ್ತದೆಯೇ ಹೊರತು ಸಾಲನ್ನು ಮುರಿಯಲು ಅನುಮತಿ ಕೊಡುವುದಿಲ್ಲ. ಅನುಮತಿ ಕೊಡುವುದು ಶೂನ್ಯ ಅಗಲದ ತೆರಪು. ಎರಡೂ ಕಾಣುವುದಿಲ್ಲ, ಹೆಸರುಗಳೂ ಹತ್ತಿರ ಹತ್ತಿರ, ಹಾಗಾಗಿ ಒಂದರ ಬದಲು ಇನ್ನೊಂದು ಸೇರಿಕೊಳ್ಳುತ್ತದೆ. ಎಲ್ಲಿಂದಲೋ ನಕಲು ಮಾಡಿ ತಂದ ಬರಹದಲ್ಲಿ ಒಂದು ಹೆಸರು ವಿನಾಕಾರಣ ಎರಡು ಸಾಲಿಗೆ ಹರಿದಿದ್ದರೆ, ಅಥವಾ ಹುಡುಕಿದರೆ ಸಿಗದಿದ್ದರೆ, ಈ ಕಾಣದ ತೆರಪಿನ ಮೇಲೆ ಮೊದಲು ಅನುಮಾನ ಪಡಿ. ಆ ಪದವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದರೆ ಹೋಗುತ್ತದೆ.

ಎರಡೂ ಅಂಚು ನೇರ ಮಾಡುವ ಗೀಳಿನ ಬಗ್ಗೆ ಮತ್ತೊಂದು ಮಾತು. ಅಗಲವಾದ ಪುಸ್ತಕದ ಪುಟದಲ್ಲಿ, ಪದ ಮುರಿಯುವ ವ್ಯವಸ್ಥೆಯೂ ಇದ್ದರೆ, ಅದು ಚೆನ್ನಾಗಿಯೇ ಕಾಣುತ್ತದೆ. ಫೋನಿನ ಪರದೆಯಲ್ಲಿ ಸಾಲಿಗೆ ನಾಲ್ಕೈದು ಪದ ಹಿಡಿಸಿದರೆ ಹೆಚ್ಚು. ಅಲ್ಲಿ ಪದ ಮುರಿಯದೆ ಅಂಚು ನೇರ ಮಾಡಹೊರಟರೆ ತೆರಪುಗಳು ಬಾಯಿ ಬಿಟ್ಟು, ಒಂದರ ಕೆಳಗೊಂದು ಸೇರಿ, ಪುಟದ ನಡುವೆ ಬಿಳಿ ಗೆರೆಗಳು ಹರಿಯುತ್ತವೆ. ಎಡ ಅಂಚು ನೇರ ಇರಲಿ, ಬಲ ಅಂಚು ಹೇಗೆ ಬರುತ್ತದೋ ಹಾಗೆ ಬಿಡಿ.

ಹಿಡಿಸದ ಸಾಲನ್ನು ಹಿಡಿಸುವ ಇನ್ನೊಂದು ಅಡ್ಡದಾರಿ ಫ್ಲೆಕ್ಸ್ ಬ್ಯಾನರುಗಳಲ್ಲಿ ಕಾಣುತ್ತದೆ. ಅಕ್ಷರಗಳನ್ನು ಎರಡೂ ಕಡೆಯಿಂದ ಹಿಂಡಿ ತೆಳ್ಳಗೆ ಮಾಡುವುದು. ಕನ್ನಡದ ಅಕ್ಷರ ದುಂಡಗಿನದು. ಹಿಂಡಿದರೆ ‘ಪ’ ‘ಷ’ ‘ವ’ಗಳನ್ನು ಬೇರೆ ಮಾಡುವ ಸಣ್ಣ ಬಾಗುಗಳೇ ಮುಚ್ಚಿಹೋಗುತ್ತವೆ. ಅದಕ್ಕಿಂತ ಸಾಲು ಹೆಚ್ಚಿಸುವುದು ಮೇಲು. ಹೆಚ್ಚಿಸುವಾಗ ಎರಡು ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಡಬೇಡಿ. ಇಂಗ್ಲಿಷಿಗೆ ಕೆಳಗಿಳಿಯುವ ಬಾಲ ಕೆಲವೇ ಅಕ್ಷರಕ್ಕೆ. ನಮ್ಮಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. ‘ಸ್ತ್ರೀ’, ‘ಶಾಸ್ತ್ರ’ದಂಥ ಎರಡು ಒತ್ತಿನ ಅಕ್ಷರಗಳಿದ್ದರೆ ಇನ್ನೂ ಜಾಗ ಬೇಕು. ಅಚ್ಚಿಗೆ ಕಳಿಸುವ ಮುಂಚೆ ‘ಶಾಸ್ತ್ರ’ದ ‘ಸ್ತ್ರ’ದ ನೇರ ಕೆಳಗೆ ‘ಕೀರ್ತಿ’ಯ ‘ಕೀ’ ಬರುವಂತೆ ಎರಡು ಸಾಲು ಬರೆದು ನೋಡಿ. ‘ಸ್ತ್ರ’ದ ರಕಾರದ ಒತ್ತು ‘ಕೀ’ಯ ಗುಡಿಸಿಗೆ ತಾಗಿದರೆ ಅಂತರ ಸಾಲದು.